ಬಿಳಿ ಈಲಿಯ ಮಾತು

"ಕೇಳಿರಪ್ಪೋ ಕೇಳಿ! ಇಂಗ್ಲಿಷ್ ಸಾಹೇಬ ನಮ್ಮ ದೊರೆಗೆ ಅಂದ ಮಾತಿನ ಗುಟ್ಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಕೋಟೆಬಾಗಿಲಿಗೆ ಏರುತ್ತದೆ!"

ಕೊಂಡಗಲ್ಲಿನ ಬೀದಿಗಳಲ್ಲಿ ಹೀಗೆ ಡಂಗುರ ಸಾರಿದರು. ಸಂಧಾನಕ್ಕೆ ಬಂದಿದ್ದ ಸಾಹೇಬ ಪಾಳೆಗಾರ ಮುದ್ದನಾಯಕನತ್ತ ನೋಡಿ "ಲಿಲಿ-ಲಿವರ್ಡ್" ಅಂದಿದ್ದ. ಜೊತೆಯವರು ನಕ್ಕಿದ್ದರು. ಆ ನಗು ನಾಯಕನ ನಿದ್ದೆ ಕೆಡಿಸಿತ್ತು.

ಮೊದಲು ಬಂದವನು ದುಭಾಷಿ. "ಲಿಲಿ ಅಂದರೆ ಬಿಳಿ ಹೂವು, ಲಿವರ್ ಅಂದರೆ ಹೊಟ್ಟೆಯೊಳಗಿನ ಈಲಿ. ತಾವು ಹೂವಿನಷ್ಟು ನಿರ್ಮಲರು ಅಂತ ಅರ್ಥ, ಬುದ್ಧಿ."

"ಹೊಗಳಿದ್ದರೆ ಅವರು ನಕ್ಕಿದ್ದೇಕೆ?"

ಸಂಜೆಯೊಳಗೆ ಅವನ ತಲೆ ಬಾಗಿಲ ಮೇಲಿತ್ತು. ಆ ಮಾತು ಯಾವುದೋ ದೇವತೆಯ ಹೆಸರೆಂದ ಶಾಸ್ತ್ರಿಯದೂ ಏರಿತು. ಊರವರು ಆ ದಾರಿಯಲ್ಲಿ ಕಣ್ಣೆತ್ತಿ ನಡೆಯುವುದನ್ನೇ ಬಿಟ್ಟರು.

ಆಮೇಲೆ ಬಂದವಳು ಮಾಳವ್ವ. ಎಳೆಯ ವಿಧವೆ. ಗಂಡ ಸಾಹೇಬರ ಮೇಲಿನ ಹಳ್ಳದ ಕಾಳಗದಲ್ಲಿ ಸತ್ತ ಮೇಲೆ ಅವರದೇ ದಂಡಿನಲ್ಲಿ ಬಟ್ಟೆ ಒಗೆಯುತ್ತ ಅವರ ಮಾತು ಕಲಿತಿದ್ದಳು.

ನಾಯಕ ಕೇಳಿದ: "ಹೂವಿನ ಹೆಸರಿದೆ, ಮುಡಿಯುವಂತಿಲ್ಲ. ಅಂಗದ ಹೆಸರಿದೆ, ಮುಟ್ಟುವಂತಿಲ್ಲ. ಏನು ಆ ಮಾತು?"

"ಹೇಡಿ ಅಂತ, ಬುದ್ಧಿ."

ನಾಯಕನ ಕೈ ಕತ್ತಿಯ ಹಿಡಿಗೆ ಹೋಯಿತು. "ಹೂವು ಹೇಡಿಯಾದದ್ದು ಹೇಗೆ?"

"ಧೈರ್ಯ ಇರುವುದು ಈಲಿಯಲ್ಲಿ, ಯಕೃತ್ತಿನಲ್ಲಿ, ಅಂತ ಅವರ ಹಿರಿಯರು ನಂಬಿದ್ದರಂತೆ. ಧೀರನ ಈಲಿ ರಕ್ತ ತುಂಬಿ ಕಪ್ಪುಗೆಂಪು. ಹೇಡಿಯದು ರಕ್ತವಿಲ್ಲದೆ ಆ ಹೂವಿನಂತೆ ಬಿಳಿ."

"ನನ್ನ ಹೊಟ್ಟೆ ಬಗೆದು ನೋಡಿದವರಿಲ್ಲ. ಒಳಗಿನ ಬಣ್ಣ ಅವನಿಗೆ ಹೇಗೆ ಕಂಡಿತು?"

ಮಾಳವ್ವ ಒಂದು ಹೆಜ್ಜೆ ಮುಂದೆ ಬಂದಳು. "ನಿಮ್ಮ ಬೆನ್ನು ಕಂಡಿತಲ್ಲ, ಬುದ್ಧಿ. ಹಳ್ಳದ ಕಾಳಗದಲ್ಲಿ ಮೊದಲು ಹಿಂದಿರುಗಿದ್ದು ನಿಮ್ಮ ಕುದುರೆ. ದಂಡಿನವರು ಈಗಲೂ ಹೇಳಿಕೊಂಡು ನಗುತ್ತಾರೆ. ಆದರೆ ಓಡಿದವರು ಕಾಲಾಳುಗಳು ಅಂತ ನೀವು ಅಂದಿರಿ. ಓಡಿದವರಿಗೆ ಮಣ್ಣಿಲ್ಲ ಅಂತ ಅವರ ಹೆಣಗಳನ್ನು ಅಲ್ಲೇ ಕೊಳೆಯಬಿಟ್ಟಿರಿ. ನನ್ನ ಗಂಡ ದುರುಗನೂ ಅಲ್ಲೇ ಬಿದ್ದಿದ್ದಾನೆ."

ನಾಯಕ ತನ್ನ ಹಳೆಯ ಸರದಾರರತ್ತ ತಿರುಗಿದ. ಒಬ್ಬನೂ ಮುಖ ಎತ್ತಲಿಲ್ಲ.

"ನಿಮಗೆಲ್ಲ ಗೊತ್ತಿತ್ತೇ?"

ನಾಯಕನ ಕೈ ಕತ್ತಿಯಿಂದ ಜಾರಿತು. "ಬೇಡು," ಎಂದ.

"ಕಾಲಾಳುಗಳು ಓಡಲಿಲ್ಲ ಅಂತ ನಿಮ್ಮ ಬಾಯಿಂದಲೇ ಹೇಳಿ. ಆಮೇಲೆ ನಮ್ಮ ಹೆಣ ನಮಗೆ ಕೊಡಿ."

ಅವನು ಹೇಳಿದ. ತೀರ ಸಣ್ಣ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ.

ಮರುದಿನ ಹೆಂಗಸರು ಬುಟ್ಟಿ ಹಿಡಿದು ಹಳ್ಳಕ್ಕೆ ಇಳಿದರು. ಯಾವ ಎಲುಬು ಯಾರದೆಂದು ತಿಳಿಯುವಂತಿರಲಿಲ್ಲ. ಒಂದೇ ಗುಂಡಿ ತೋಡಿ, ಒಬ್ಬೊಬ್ಬಳೂ ತನ್ನವನ ಹೆಸರು ಕೂಗಿ ಹಿಡಿಮಣ್ಣು ಹಾಕಿದಳು. ಮಾಳವ್ವನ ಸರದಿ ಬಂದಾಗ ದನಿ ಹೊರಡಲಿಲ್ಲ. ಪಕ್ಕದಲ್ಲಿದ್ದವಳು ಅವಳ ಭುಜ ಹಿಡಿದು, "ದುರುಗಾ!" ಎಂದು ಕೂಗಿದಳು.