ಕಡೆಗೆ ಉಳಿದ ರಾಣಿ

ಹಳೆಯ ರಾಣಿ ಸತ್ತ ಮೇಲೆ ಜೇನುಗೂಡಿನಲ್ಲಿ ಒಟ್ಟಿಗೇ ಹಲವು ರಾಣಿಯರು ಹುಟ್ಟಿದರು. ಹೊರಗೆ ಕಡಜವೊಂದು ಗೂಡಿನ ಬಾಗಿಲನ್ನೇ ನೋಡುತ್ತ ಕುಳಿತಿತ್ತು.

“ಯಾರಾದರೂ ಒಬ್ಬರು ರಾಣಿಯಾಗಿ, ಉಳಿದವರು ಒಪ್ಪಿಕೊಳ್ಳಿ. ಎಲ್ಲರೂ ಸೇರಿ ಮುತ್ತಿದರೆ ಮಾತ್ರ ಕಡಜ ಸಾಯುತ್ತದೆ,” ಎಂದಳು ಬಾಗಿಲು ಕಾಯುವ ಮುದಿ ಜೇನು.

“ಸರಿ ಅಜ್ಜಿ, ಮೊದಲು ಇವಳು ಹಿಂದೆ ಸರಿಯಲಿ,” ಎಂದು ಪ್ರತಿಯೊಬ್ಬ ರಾಣಿಯೂ ಪಕ್ಕದವಳನ್ನು ತೋರಿಸಿದಳು.

ಯಾರೂ ಸರಿಯಲಿಲ್ಲ. ಒಬ್ಬಳು ಮುನಿದು, ಜೇನುಗಳ ಪದ್ಧತಿಯಂತೆ ತನ್ನನ್ನು ಮೆಚ್ಚಿದವರನ್ನು ಕರೆದುಕೊಂಡು ಬೇರೆ ಕೊಂಬೆಗೆ ಹಾರಿದಳು. ಮರುದಿನ ಇನ್ನೊಬ್ಬಳು ಹಾಗೆಯೇ ಮಾಡಿದಳು. ಗೂಡು ದಿನದಿನಕ್ಕೆ ಬರಿದಾಯಿತು.

ಕಡೆಗೆ ಒಬ್ಬಳೇ ರಾಣಿ ಉಳಿದಳು.

“ಅಜ್ಜಿ, ಇನ್ನು ನನಗೆ ಎದುರಾಳಿಯೇ ಇಲ್ಲ. ನಾನು ಗೆದ್ದೆನೆಂದು ಎಲ್ಲರಿಗೂ ಸಾರಿಬಿಡು!”

“ಯಾರಿಗೆ ಸಾರಲಿ, ಅಮ್ಮಣ್ಣಿ? ಇಲ್ಲಿರುವುದು ನಾವಿಬ್ಬರೇ.”

ರಾಣಿ ಕಿವಿಗೊಟ್ಟಳು. ಅಷ್ಟು ದೊಡ್ಡ ಗೂಡಿನಲ್ಲಿ ಒಂದು ರೆಕ್ಕೆಯ ಸದ್ದೂ ಇರಲಿಲ್ಲ. ಇಷ್ಟು ದಿನ ಜಗಳವಾಡಿದವರಲ್ಲಿ ಒಬ್ಬಳಾದರೂ ಇದ್ದಿದ್ದರೆ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು.

ಮುದಿ ಜೇನು ಹೋಗಿ ಬಾಗಿಲಿಗೆ ಅಡ್ಡವಾಗಿ ನಿಂತಳು. ಕಡಜ ಹಾರುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ; ನಡೆದೇ ಒಳಗೆ ಬಂತು.