ಬೂದಣ್ಣನ ಕುಣಿಕೆ ಪಾಠ

ಒಂದು ಕಾಡಿನಲ್ಲಿ, ಮರ ಕಡಿಮೆಯಾಗಿ ಹುಲ್ಲೇ ಹೆಚ್ಚಿದ್ದ ಕಡೆ, ದನಗಳು ಮೇಯುವ ಕಾವಲು ಒಂದಿತ್ತು. ಅಲ್ಲಿನ ದನಗಳು ಗೂಟ ಕಂಡವಲ್ಲ. ವರ್ಷಕ್ಕೊಮ್ಮೆ ಕಾವಲುಗಾರ ಕಾಟಯ್ಯ ಬೆಳೆದ ಹೋರಿಗರುಗಳನ್ನು ದೊಡ್ಡಿಗೆ ಅಟ್ಟಿ, ಕೊರಳಿಗೆ ಹಗ್ಗದ ಕುಣಿಕೆ ಎಸೆದು ಹಿಡಿಯುತ್ತಿದ್ದ. ಹಿಡಿದದ್ದನ್ನು ಪಳಗಿದ ಮುದಿ ಎತ್ತಿನ ಜೊತೆ ಕಟ್ಟಿ ಸಂತೆಗೆ ಸಾಗಿಸುತ್ತಿದ್ದ. ಆ ಎತ್ತೇ ಬೂದಣ್ಣ. ಒಂದು ಕರು ಸಿಕ್ಕರೆ ಅವನಿಗೆ ಒಂದು ಬುಟ್ಟಿ ನೆನೆಸಿದ ಹುರುಳಿ.

ಕುಣಿಕೆಯ ಗುಣ ಬೂದಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಹಿಂದಕ್ಕೆ ಎಳೆದರೆ ಅದು ಬಿಗಿಯುತ್ತದೆ. ಹಗ್ಗದ ಕಡೆಗೇ ನಡೆದು, ತಲೆ ತಗ್ಗಿಸಿ ಕೊಡವಿದರೆ ಕಳಚಿ ಬೀಳುತ್ತದೆ. ಇಷ್ಟೇ ನೋಡಿ ಮಕ್ಕಳೇ. ಆದರೆ ಹುರುಳಿ ತಿನ್ನುವ ಬಾಯಿ ಇದನ್ನು ಹೇಳೀತೇ?

ಗಿಡ್ಡಿ ಎಂಬ ಹಸುವಿಗೆ ಒಬ್ಬನೇ ಮಗ, ಚಂಗ. ಆ ವರ್ಷ ಅವನ ಸರದಿ. ಪಾಪ, ಗಿಡ್ಡಿಗೆ ಮೇವು ಸೇರಲಿಲ್ಲ. ಬೂದಣ್ಣನ ಬಳಿ ಹೋಗಿ ಮಗನನ್ನು ಉಳಿಸುವ ದಾರಿ ಕೇಳಿದಳು.

ಬೂದಣ್ಣ ಮೆಲುಕು ಹಾಕುತ್ತ ಹೇಳಿದ: “ಎಳೀಬೇಕು, ಗಿಡ್ಡಿ. ಉಸಿರು ಇರೋ ತನಕ ಹಿಂದಕ್ಕೆ ಎಳೀಬೇಕು. ಹಗ್ಗದ ಕಡೆ ಒಂದು ಹೆಜ್ಜೆ ಇಟ್ಟನೋ, ಕೆಟ್ಟ.”

ತಾಯಿ ನಂಬಿದಳು. ನಂಬದೆ ಏನು ಮಾಡುತ್ತಾಳೆ? ಮರುದಿನ ಕುಣಿಕೆ ಬಿದ್ದ ಕೂಡಲೇ ಚಂಗ ಕಾಲೂರಿ ಎಳೆದ. ಬೇಲಿಯಾಚೆಯಿಂದ ಅವಳು ಇನ್ನೂ ಎಳಿ, ಇನ್ನೂ ಎಳಿ ಎಂದು ಕೂಗಿದಳು. ಅವನ ಕಣ್ಣು ಮೇಲಾಯಿತು, ನಾಲಿಗೆ ಹೊರಬಂತು, ಮೊಣಕಾಲೂರಿ ಬಿದ್ದ. ಕಾಟಯ್ಯ ಅವನನ್ನು ಎಬ್ಬಿಸಿ ಬೂದಣ್ಣನ ಕೊರಳಿಗೆ ಕಟ್ಟಿ ಕರೆದೊಯ್ದ. ಚಂಗ ತಾಯಿಯ ಕಡೆ ತಿರುತಿರುಗಿ ನೋಡುತ್ತಲೇ ಹೋದ. ಬೂದಣ್ಣ ನೋಡಲಿಲ್ಲ.

ಸಂತೆಯಿಂದ ಚಂಗನಿಲ್ಲದೆ ಮರಳಿದ ಮೇಲೆ ಬೂದಣ್ಣ ಗಿಡ್ಡಿಗೆ, ನಿನ್ನ ಮಗ ಸಾಕಷ್ಟು ಎಳೆಯಲಿಲ್ಲ ಕಣೇ ಎಂದ. ಆ ತಾಯಿ ಅದನ್ನೂ ನಂಬಿದಳು. ಅಂದಿನಿಂದ ಕಾವಲಿನ ಕರುಗಳಿಗೆಲ್ಲ ಅವಳೇ ಎಳೆಯುವುದನ್ನು ಕಲಿಸತೊಡಗಿದಳು.

ಒಂದು ಮಧ್ಯಾಹ್ನ ಕಾಟಯ್ಯ ಹುರುಳಿ ಮೂಟೆಯನ್ನು ದೊಡ್ಡಿಯ ಕಂಬಕ್ಕೆ ಒರಗಿಸಿ ಹಳ್ಳಕ್ಕೆ ನೀರು ಕುಡಿಯಲು ಹೋಗಿದ್ದ. ಕಂಬಕ್ಕೆ ಕಟ್ಟಿದ್ದ ಕುಣಿಕೆ ಮೂಟೆಯ ಮೇಲೆ ನೇತಾಡುತ್ತಿತ್ತು. ಬೂದಣ್ಣ ಕುಣಿಕೆಯೊಳಗಿಂದಲೇ ತಲೆ ತೂರಿಸಿ ಮೂಟೆಗೆ ಕದ್ದು ಮೂತಿ ಹಾಕಿದ. ಬಾಯಿ ತುಂಬಿಕೊಂಡು ಹಿಂದೆ ಸರಿದರೆ, ಕುಣಿಕೆ ಕೊರಳಿಗೆ ಬಿಗಿಯಿತು. ಅವನೇನೂ ಹೆದರಲಿಲ್ಲ. ಸಡಿಲಿಸಲೆಂದು ಕಂಬದ ಕಡೆ ಹೆಜ್ಜೆ ಎತ್ತಿದ.

ಅಷ್ಟರಲ್ಲಿ ಗಿಡ್ಡಿ ಅದನ್ನು ಕಂಡಳು. ಅಯ್ಯೋ, ಬೂದಣ್ಣ ಸೋತು ಹಗ್ಗದ ಕಡೆ ಹೋಗುತ್ತಿದ್ದಾನಲ್ಲ ಎಂದುಕೊಂಡಳು. ಓಡಿ ಬಂದು ಕಂಬಕ್ಕೂ ಅವನಿಗೂ ನಡುವೆ ನಿಂತಳು. ಹಣೆಯನ್ನು ಅವನ ಎದೆಗೊತ್ತಿ ಹಿಂದಕ್ಕೆ ನೂಕಿದಳು.

“ಎಳಿ, ಬೂದಣ್ಣ. ಮಗನಂತೂ ಹೋದ, ನಿನ್ನನ್ನೂ ಕಳಕೊಳ್ಳಲಾರೆ.”

ಅವಳು ಕಲಿಸಿದ ಕರುಗಳೂ ಬಂದು ಸೇರಿ ನೂಕಿದವು. ಬೇಡ, ಮುಂದಕ್ಕೆ ಬಿಡಿ ಎನ್ನಲು ಬೂದಣ್ಣನಿಗೆ ದನಿ ಹೊರಡಲಿಲ್ಲ. ಬಾಯಲ್ಲಿದ್ದ ಹುರುಳಿ ನೆಲಕ್ಕೆ ಉದುರಿತು.

ಕಾಟಯ್ಯ ಓಡಿ ಬರುವಷ್ಟರಲ್ಲಿ ಎತ್ತಿನ ಪ್ರಾಣ ಹೋಗಿತ್ತು. ಗಿಡ್ಡಿ ಅವನ ಮೈ ನೆಕ್ಕುತ್ತ ಅತ್ತಳು. ಇನ್ನೊಂದಿಷ್ಟು ಎಳೆದಿದ್ದರೆ ಬದುಕುತ್ತಿದ್ದ ಎಂದಳು. ಕುಣಿಕೆಯ ಗುಣ ಬಲ್ಲ ದನ ಆ ಕಾವಲಿನಲ್ಲಿ ಇನ್ನೊಂದಿರಲಿಲ್ಲ. ಮರುದಿನ ಬೆಳಿಗ್ಗೆ ಅವಳು ಕರುಗಳನ್ನು ಕರೆದು ನಿಲ್ಲಿಸಿ, ಮತ್ತೆ ಎಳೆಯುವುದನ್ನು ಕಲಿಸಿದಳು.

ನೀತಿ: ಲಾಭಕ್ಕಾಗಿ ತಪ್ಪು ದಾರಿ ತೋರಿಸಿದವನು ಅದೇ ದಾರಿಯಲ್ಲಿ ಕೆಡುತ್ತಾನೆ, ಆದರೆ ಅವನು ಸತ್ತರೂ ಅವನ ಸುಳ್ಳು ನಂಬಿದವರನ್ನು ಬಲಿ ತೆಗೆದುಕೊಳ್ಳುತ್ತಲೇ ಇರುತ್ತದೆ.