ಹದಿಮೂರುಕಲ್ಲಿನ ಕೊಳ

ಶಿಂಶಾ ನದಿಯ ಬಯಲಿನ ದೇವದೂತಪಾಳ್ಯದಲ್ಲಿ, ಚರ್ಚಿನ ಹಿಂದೆ, ಮೆಟ್ಟಿಲು ಕಟ್ಟಿದ ಒಂದು ಕೊಳವಿದೆ. ಅದರ ದಂಡೆಯ ಮೇಲೆ ಹನ್ನೆರಡು ಕಲ್ಲುಪೀಠಗಳು ಒಂದೇ ಎತ್ತರಕ್ಕೆ ಸಾಲಾಗಿ ನಿಂತಿವೆ. ಹದಿಮೂರನೆಯದು ಗೇಣೆತ್ತರದ ಒರಟು ಕಲ್ಲು. ಹೊಸಬರು ಅದನ್ನು ಎಡವಿ ಬೈದುಕೊಂಡು ಹೋಗುತ್ತಾರೆ. ಬೈಯಲಿ ಪಾಪ, ಕಥೆ ತಿಳಿಯದವರು.

ಹಿಂದೆ ಒಮ್ಮೆ ಈ ಊರು ಮೇಲ್ಕೇರಿ, ಕೆಳಕೇರಿ ಎಂದು ಎರಡು ಪಾಲಾಗಿತ್ತಂತೆ. ಎರಡೂ ಕೇರಿಯವರು ಒಂದೇ ಯೇಸುವಿನ ಹೆಸರಿನಲ್ಲಿ ಜ್ಞಾನಸ್ನಾನ ಪಡೆದವರೇ. ಆದರೆ ಜಾತಿ ಅಷ್ಟು ನೀರಿಗೆ ಹೋಗುವ ಕೊಳೆಯೇ? ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ, ಪವಿತ್ರ ಗುರುವಾರದಂದು ಚರ್ಚಿನ ಗುರುಗಳು ಹನ್ನೆರಡು ಮಂದಿಯನ್ನು ಆ ಪೀಠಗಳಲ್ಲಿ ಕೂರಿಸಿ ಕಾಲು ತೊಳೆಯುತ್ತಿದ್ದರು. ಹನ್ನೆರಡೂ ಮೇಲ್ಕೇರಿಯವರೇ. ಒಂದು ವರ್ಷ ಕೆಳಕೇರಿಯ ಚೌರಪ್ಪನೆಂಬ ಯುವಕ ಹೋಗಿ ಒಂದು ಪೀಠದಲ್ಲಿ ಕುಳಿತ. ಮೇಲ್ಕೇರಿಯ ಯಜಮಾನ ಇನ್ನಾಸಪ್ಪ ಅವನನ್ನು ಹಿಡಿದು ತಳ್ಳಿದ. ತಲೆ ಮೆಟ್ಟಿಲಿಗೆ ಬಡಿದು ಚೌರಪ್ಪ ಅಲ್ಲೇ ತೀರಿಕೊಂಡ. ಆಮೇಲೆ ಇಡೀ ವರ್ಷ ಮೇಲ್ಕೇರಿಯಲ್ಲಿ ಅವನ ಹೆಸರನ್ನು ಯಾರೂ ಎತ್ತಲಿಲ್ಲ. 'ಜಾರಿ ಬಿದ್ದ ಆ ಕೆಳಕೇರಿಯವನು' ಎಂದೇ ಮಾತು.

ಚೌರಪ್ಪನ ತಾಯಿ ಜ್ಞಾನಮ್ಮ ಸೂಲಗಿತ್ತಿ. ಎರಡೂ ಕೇರಿಯಲ್ಲಿ ಹೆರಿಗೆ ಮಾಡಿಸಿ, ಕೂಸನ್ನು ತನ್ನ ಚಾಚಿದ ಕಾಲುಗಳ ಮೇಲೆ ಮಲಗಿಸಿ ಮೊದಲ ನೀರು ಹಾಕಿದವಳು. ಹೆರಿಗೆಗೆ ಬೇಕಾದ ಅವಳ ಕೈ, ಹೆರಿಗೆ ಮುಗಿದರೆ ಮೇಲ್ಕೇರಿಗೆ ಮೈಲಿಗೆ. ಮರುವರ್ಷದ ಪವಿತ್ರ ಗುರುವಾರ ಕೆಳಕೇರಿಯ ಗಂಡಸರು ಮಚ್ಚು ಮಸೆದು ಅವಳ ಒಂದು ಮಾತಿಗಾಗಿ ಕಾದು ನಿಂತರು. ಅವಳು ಹೂಂ ಎಂದಿದ್ದರೆ ಊರು ಸುಡುಗಾಡಾಗುತ್ತಿತ್ತು. ಹೊಟ್ಟೆಯ ಬೆಂಕಿಯೂ ಹೂಂ ಎನ್ನು ಎಂದೇ ಹೇಳುತ್ತಿತ್ತು. "ಮೊದಲು ನಾನು ಹೋಗಿ ಬತ್ತೀನಿ ಕಣ್ರಪ್ಪ, ಅಲ್ಲೀಗಂಟ ತಡೀರಿ" ಎಂದವಳೇ, ತಾನು ಕೂತು ಕೂಸುಗಳಿಗೆ ನೀರು ಹಾಕುತ್ತಿದ್ದ ಕಲ್ಲನ್ನು ತಲೆಯ ಮೇಲೆ ಹೊತ್ತು ಕೊಳದ ಕಡೆ ಹೊರಟಳು. ಗಂಡಸರು ಹಿಂದೆಯೇ ಬಂದು ಕೊಳದ ಬೇಲಿಯಾಚೆ ನಿಂತರು.

ಇನ್ನಾಸಪ್ಪನೂ ಸೇರಿ ಮೇಲ್ಕೇರಿಯ ಹನ್ನೆರಡು ಮಂದಿ ಆಗಲೇ ಪೀಠಗಳಲ್ಲಿ ಕೂತಿದ್ದರು. ಜ್ಞಾನಮ್ಮ ಸಾಲಿನ ಕೊನೆಯಲ್ಲಿ ಕಲ್ಲು ಇಳಿಸಿ, ಕೂತು, ಕಾಲು ಚಾಚಿದಳು.

"ಇನ್ನಾಸಪ್ಪ, ಈ ಕಾಲಿನ ಗುರ್ತು ಸಿಕ್ತಾ? ನೀನು ಮೊದಲು ಮಲಗಿದ್ದು ತೊಟ್ಟಿಲಲ್ಲಲ್ಲ ಕಣಪ್ಪ, ಇದರ ಮೇಲೆ. ಇಲ್ಲಿ ಕುಂತಿರೋ ಹನ್ನೆರಡು ಮಂದೀನೂ ಅಷ್ಟೆ. ಆಗ ನಿಮಗೆ ಕೇರಿ ಇರಲಿಲ್ಲ, ಹೆಸರೂ ಇರಲಿಲ್ಲ. ನನ್ನ ಮಗನಿಗೆ ಒಂದು ಹೆಸರಿತ್ತು. ಈ ಕಾಲು ತೊಳೆದು ಅದನ್ನ ಹೇಳು."

ಇನ್ನಾಸಪ್ಪ ಪೀಠದಿಂದ ಇಳಿದು, ಗುರುಗಳ ಕೈಯಿಂದ ತಂಬಿಗೆ ತೆಗೆದುಕೊಂಡು ಮಂಡಿಯೂರಿದ. ಅವಳ ಒಡೆದ ಹಿಮ್ಮಡಿಗೆ ನೀರು ಹಾಕಿ ತೊಳೆದ.

"ಚೌರಪ್ಪ" ಎಂದ. "ಅವನು ಜಾರಿ ಬೀಳಲಿಲ್ಲ ಕಣವ್ವಾ. ನಾನೇ ತಳ್ಳಿದೆ."

ಜ್ಞಾನಮ್ಮ ಅವನ ತಲೆ ಸವರಲಿಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ. ಮಗ ಸತ್ತ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತಳು. ಬೇಲಿಯಾಚೆ ನಿಂತಿದ್ದವರು ಮಚ್ಚು ನೆಲಕ್ಕಿಟ್ಟು ಅವಳನ್ನು ಹಿಡಿದುಕೊಳ್ಳಲು ಬಂದರು.

ಕೇರಿಗಳು ಇಂದಿಗೂ ಎರಡೇ, ಸುಳ್ಳೇಕೆ ಹೇಳಬೇಕು? ಆದರೆ ಪೀಠಗಳಲ್ಲಿ ಈಗ ಎರಡೂ ಕೇರಿಯವರು ಭುಜಕ್ಕೆ ಭುಜ ತಾಗಿಸಿ ಕೂರುತ್ತಾರೆ. ಹದಿಮೂರನೆಯ ಕಲ್ಲಿನಲ್ಲಿ ಯಾರೂ ಕೂರುವುದಿಲ್ಲ. ಪವಿತ್ರ ಗುರುವಾರ ಅಲ್ಲಿಗೆ ಹೋದವರು ಕಾಣಬಹುದು: ಇನ್ನಾಸಪ್ಪನ ವಂಶದವನೊಬ್ಬ ಮಂಡಿಯೂರಿ ಆ ಬರಿಗಲ್ಲಿಗೆ ನೀರು ಹಾಕುತ್ತಾನೆ. "ಅವನ ಹೆಸರು ಚೌರಪ್ಪ. ನಾವೇ ತಳ್ಳಿದೆವು" ಎನ್ನುತ್ತಾನೆ. ಅದಾಗುವವರೆಗೆ ಗುರುಗಳು ತಂಬಿಗೆ ಮುಟ್ಟುವುದಿಲ್ಲ.